ಕ್ಷಮೆ ಕೇಳಲು ಹೋದ ಹನ್ನೊಂದು ಮಂದಿ

ಉಪವಾಸ ಬಿಡಲು ಇನ್ನೂ ಇಪ್ಪತ್ತು ನಿಮಿಷವಿತ್ತು. ದೀಕಾ ಒಲೆಯ ಮುಂದೆ ನಿಂತು ಸಂಬೂಸ ಕರಿಯುತ್ತಿದ್ದಳು. ಮಗ ಗುಲೇದ್ ಒಳಗೆ ಬಂದವನು ಶೂ ಬಿಚ್ಚದೆ ನೇರವಾಗಿ ಬಚ್ಚಲಿಗೆ ಹೋದ. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು. ಹದಿನಾರು ವರ್ಷದ ಹುಡುಗ ಅಷ್ಟು ಹೊತ್ತು ಕೈ ತೊಳೆಯುವುದಿಲ್ಲವೆಂದು ತಾಯಿಗೆ ಗೊತ್ತಿರುತ್ತದೆ. ಆದರೂ ಅವಳು ಕೂಗಲಿಲ್ಲ. ಎಣ್ಣೆ ಹೊಗೆಯಾಡುತ್ತಿತ್ತು, ಬಾಣಲೆಯಲ್ಲಿದ್ದ ನಾಲ್ಕನ್ನು ತಿರುವಿ ಹಾಕಿದಳು.

ಕಿಟಕಿಯ ಆಚೆ ಹೆಲಿಕಾಪ್ಟರ್ ಒಂದೇ ಸಮನೆ ಸುತ್ತುತ್ತಿತ್ತು. ಸ್ವೀಡನ್ನಿನ ಏಪ್ರಿಲ್ ತಿಂಗಳ ಬೆಳಕು ಎಂಟು ಗಂಟೆಯಾದರೂ ಪೂರ್ತಿ ಹೋಗಿರಲಿಲ್ಲ. ಅವರ ಬಡಾವಣೆ ಆಲ್‌ಹಾಗದ ಚೌಕದಿಂದ ರಬ್ಬರ್ ಸುಟ್ಟ ವಾಸನೆ ಐದನೇ ಮಹಡಿಯವರೆಗೂ ಬರುತ್ತಿತ್ತು. ಆ ಮಧ್ಯಾಹ್ನ ಯಾವುದೋ ಒಂದು ಪಕ್ಷದ ನಾಲ್ಕು ಜನ ಅನುಮತಿ ಪತ್ರ ಹಿಡಿದುಕೊಂಡು ಬಂದು, ಚೌಕದ ನಡುವೆ ನಿಂತು, ಕುರಾನನ್ನು ಸುಟ್ಟಿದ್ದರು. ರಂಜಾನಿನ ದಿನ. ನಾಲ್ಕು ಜನರ ಸುತ್ತ ನಲವತ್ತು ಪೊಲೀಸರು ಬೆನ್ನು ಕೊಟ್ಟು ನಿಂತಿದ್ದರು. ಸುಡುವವರಿಗೆ ಕಾವಲು ಯಾಕೆಂದು ಹುಡುಗರಿಗೆ ಅರ್ಥವಾಗಲಿಲ್ಲ. ಹಿರಿಯರಿಗೂ ಅರ್ಥವಾಗಲಿಲ್ಲ, ಆದರೆ ಹಿರಿಯರ ಕೈಯಲ್ಲಿ ಕಲ್ಲು ಇರಲಿಲ್ಲ.

"ಬಸ್ ಡ್ರೈವರ್‌ಗೆ ಏಟಾಗಿದೆಯಂತೆ," ಎಂದಳು ಮೇಜಿನ ಹತ್ತಿರ ಫೋನ್ ನೋಡುತ್ತ ಕುಳಿತಿದ್ದ ಮಗಳು ಸಾಗಲ್. ಅವಳಿಗೆ ಹನ್ನೆರಡು ವರ್ಷ. "ಹದಿನೇಳನೇ ನಂಬರ್ ಬಸ್ಸು. ಕಣ್ಣಿಗೆ ಗಾಜು ಹೊಕ್ಕಿದೆಯಂತೆ."

ದೀಕಾ ಜಾಲರಿ ಸೌಟನ್ನು ಕೆಳಗಿಟ್ಟಳು. "ಯಾರು? ಯೋರಾನ್?"

"ಹೆಸರು ಹಾಕಿಲ್ಲ. ಐವತ್ತೊಂಬತ್ತು ವರ್ಷದ ಗಂಡಸು ಅಂತ ಇದೆ."

ಹದಿನೇಳನೇ ನಂಬರಿಗೆ ಆ ವಯಸ್ಸಿನ ಡ್ರೈವರ್ ಒಬ್ಬನೇ. ದೀಕಾ ಒಂಬತ್ತು ವರ್ಷದಿಂದ ಬೆಳಗಿನ ಮೊದಲ ಬಸ್ಸಿನಲ್ಲಿ ವೃದ್ಧಾಶ್ರಮದ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಮೆಟ್ಟಿಲಿಳಿದು ಓಡಿ ಬರುವುದು ಕಂಡರೆ ಯೋರಾನ್ ಅರ್ಧ ನಿಮಿಷ ಬಾಗಿಲು ತೆರೆದೇ ಇಡುತ್ತಿದ್ದ. ಇಬ್ಬರ ನಡುವೆ ಆ ಒಂಬತ್ತು ವರ್ಷದಲ್ಲಿ ಹವಾಮಾನ ಬಿಟ್ಟು ಬೇರೆ ಮಾತಿರಲಿಲ್ಲ. ಗಂಡ ತೀರಿಕೊಂಡ ವಾರ ಮಾತ್ರ ಅವನು, "ಹೋದ ವಾರ ಕಾಣಲಿಲ್ಲ" ಎಂದಿದ್ದ. ಅವಳು ವಿಷಯ ಹೇಳಿದಾಗ ಟಿಕೆಟ್ ಯಂತ್ರದ ಮೇಲೆ ಕೈ ಅಡ್ಡ ಇಟ್ಟು, ಹೋಗಿ ಕೂತ್ಕೊ ಎಂದು ತಲೆಯಾಡಿಸಿದ್ದ.

ಗುಲೇದ್ ಬಂದು ಕುಳಿತ. ಬಲಗೈ ಹೆಬ್ಬೆರಳಿನ ಬುಡ ಕೊಯ್ದಿತ್ತು. ಫೋನಿನಲ್ಲಿ ಬಾಂಗ್ ಕೇಳಿತು. ಸಾಗಲ್ ಖರ್ಜೂರ ಬಾಯಿಗೆ ಹಾಕಿಕೊಂಡಳು. ಅವನು ಮುಟ್ಟಲಿಲ್ಲ.

"ಹೋಯೊ, ಖರ್ಜೂರ ತಗೋ," ಎಂದಳು ದೀಕಾ. ಅವರಲ್ಲಿ ಮಕ್ಕಳು ತಾಯಿಯನ್ನು ಹೋಯೊ ಎನ್ನುತ್ತಾರೆ, ತಾಯಿಯೂ ಮುದ್ದಿನಿಂದ ಮಕ್ಕಳನ್ನು ಹಾಗೆಯೇ ಕರೆಯುತ್ತಾಳೆ.

"ಹಸಿವಿಲ್ಲ."

"ಹದಿನಾರು ಗಂಟೆ ಉಪವಾಸ ಇದ್ದು ಹಸಿವಿಲ್ವಾ? ಚೌಕದಲ್ಲಿ ನೀನೂ ಇದ್ಯಾ?"

"ಎಲ್ರೂ ಇದ್ರು."

"ಎಲ್ರ ತಾಯಿ ನಾನಲ್ಲ. ನೀನು ಇದ್ಯಾ ಅಂತ ಕೇಳ್ದೆ."

ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆದ. "ಪೊಲೀಸ್ ವ್ಯಾನಿಗೆ ಎಸೀತಿದ್ವಿ. ಆ ಬಸ್ಸು ಆ ಕಡೆಯಿಂದ ಯಾಕೆ ಬಂತೋ! ಎಲ್ಲ ಬಸ್ಸೂ ಬೇರೆ ದಾರಿಲಿ ಹೋಗ್ತಿತ್ತು. ನನ್ನ ಕಲ್ಲು ತಾಗ್ತೋ ಇನ್ನೊಬ್ಬಂದೋ ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ ಹೋಯೊ."

"ನೀನು ಎಸೆದೆ ತಾನೆ?"

"ಎಸೆದೆ."

ಅವನು ಅತ್ತ. ಮೇಜಿನ ಮೇಲೆ ತಲೆಯಿಟ್ಟು, ಭುಜ ಅಲುಗಾಡುವ ಹಾಗೆ ಅತ್ತ. ದೀಕಾ ಬೆನ್ನು ಸವರಿದಳು. ಅತ್ತನಲ್ಲ, ಅಷ್ಟು ಸಾಕು ಎನ್ನಿಸಿತು ಅವಳಿಗೆ. ಅಳುವವನು ಇನ್ನೂ ತನ್ನವನೇ.

ಆದರೆ ನಾಲ್ಕನೇ ದಿನ ಅವನು ಅಳುತ್ತಿರಲಿಲ್ಲ. ಬಾಲ್ಕನಿಯಲ್ಲಿ ನಿಂತು ಗೆಳೆಯನೊಬ್ಬನ ಜೊತೆ ಫೋನಿನಲ್ಲಿ ಮಾತಾಡುತ್ತ ನಗುತ್ತಿದ್ದ. "ಮುಖಕ್ಕೆ ಬಟ್ಟೆ ಇತ್ತಲ್ಲೋ. ವಿಡಿಯೋದಲ್ಲಿ ನಮ್ಮಜ್ಜಿಗೂ ಗುರುತು ಸಿಗಲ್ಲ. ಬಾಯಿ ಮುಚ್ಕೊಂಡಿದ್ರೆ ಮುಗೀತು." ದೀಕಾ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಳು. ಪೊಲೀಸರ ಭಯ ಅವಳಿಗೂ ಇತ್ತು. ಅದಕ್ಕಿಂತ ದೊಡ್ಡ ಭಯ ಆ ಕ್ಷಣ ಹುಟ್ಟಿತು. ಒಬ್ಬ ಮನುಷ್ಯನ ಕಣ್ಣು ಹೋಗಿದೆ, ಇವನು ಅವನ ಮುಖ ನೋಡದೆ ಉಂಡು ನಿದ್ದೆ ಮಾಡಿ ನಗುವುದನ್ನು ಕಲಿತುಬಿಟ್ಟರೆ? ಇವತ್ತು ಕಲಿತದ್ದು ನಾಳೆ ಅಭ್ಯಾಸವಾಗುತ್ತದೆ. ಆಮೇಲೆ ಇವನನ್ನು ಯಾವ ಬಾಗಿಲಲ್ಲಿ ನಿಂತು ಕರೆದರೂ ಹಿಂದೆ ತಿರುಗುವುದಿಲ್ಲ.

ಯೋರಾನನ ಎದುರು ಇವನನ್ನು ನಿಲ್ಲಿಸಬೇಕು. ಅವನು ಕ್ಷಮಿಸಬೇಕು, ಇವನು ಅದನ್ನು ಕೇಳಿಸಿಕೊಳ್ಳಬೇಕು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಅದಕ್ಕೊಂದು ದಾರಿ ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಸೊಮಾಲಿ ನಾಡಿನ ಬುರಾವೊ ಊರಲ್ಲಿ ಅವಳು ಚಿಕ್ಕವಳಿದ್ದಾಗ ಅಣ್ಣ ಒಬ್ಬ ಹುಡುಗನ ಕೈ ಮುರಿದಿದ್ದ. ಅಪ್ಪ ನಲವತ್ತು ಜನರನ್ನು ಕರೆದುಕೊಂಡು ಆ ಹುಡುಗನ ಮನೆಗೆ ಹೋದ. ಯಾರ ತಪ್ಪು, ಯಾರು ಮೊದಲು ಹೊಡೆದದ್ದು ಎಂದು ಯಾರೂ ಕೇಳಲಿಲ್ಲ. ಒಬ್ಬನ ಕೈ ಎಂದರೆ ಕುಲದ ಕೈ, ಎಲ್ಲರೂ ತಲೆ ಬಗ್ಗಿಸಬೇಕು. ಹೆಚ್ಚು ಜನ ಹೋದಷ್ಟೂ ನೊಂದವನಿಗೆ ಹೆಚ್ಚು ಮರ್ಯಾದೆ. ಆ ಮನೆಯವರು ಮೊದಲು "ಹೋಗಿ" ಎನ್ನುತ್ತಾರೆ, ಹಾಗೆ ಅನ್ನಲೇಬೇಕು, ಅದು ಅವರ ಗೌರವ. ಹೋಗದೆ ಕೂರುವುದು ಇವರ ಗೌರವ. ಅಪ್ಪನ ಗುಂಪು ಜಾಲಿ ಮರದ ಕೆಳಗೆ ಸಂಜೆಯ ತನಕ ಕೂತಿತ್ತು. ಕೊನೆಗೆ ಒಳಗಿನಿಂದ ಹಾಲು ಬಂತು. ಅಣ್ಣನನ್ನು ಅಲ್ಲಿಯವರೆಗೆ ಮನೆಯಲ್ಲೇ ಇರಿಸಿ, ಹಾಲು ಬಂದ ಮೇಲೆ ಕರೆಸಿ, ಆ ಹುಡುಗನ ಪಕ್ಕ ಒಂದೇ ತಟ್ಟೆಗೆ ಕೂರಿಸಿದರು. ಮುಂದೆ ಆ ಕೈ ಮುರಿದ ಹುಡುಗನೇ ಅವಳ ಅಕ್ಕನ ಗಂಡನಾದ.

ಮಸೀದಿಯ ನೆಲಮಾಳಿಗೆಯಲ್ಲಿ ಅವಳು ವಾರ್ಸಮೆಯನ್ನು ಕಂಡಳು. ಎಪ್ಪತ್ತೆಂಟರ ಮುದುಕ, ಗಂಡನ ಕಡೆಯ ಹಿರಿಯ. ಆಲ್‌ಹಾಗದ ಸೊಮಾಲಿಗಳಿಗೆಲ್ಲ ಅವನು ಅದೇರ್, ಎಂದರೆ ದೊಡ್ಡಪ್ಪ. ಅವಳು ಮಗನ ಹೆಸರನ್ನೂ ಮುಚ್ಚಿಡದೆ ಎಲ್ಲ ಹೇಳಿದಳು.

ವಾರ್ಸಮೆ ಬಹಳ ಹೊತ್ತು ಗಡ್ಡ ನೀವಿಕೊಂಡ. "ನೀನು ಬರೋಕೆ ಮುಂಚೆ ನಾವೇ ಹೋಗ್ಬೇಕಿತ್ತು ಮಗಳೇ. ಐದು ದಿನ ಆಯ್ತು. ಆ ಮನುಷ್ಯ ಏನಂದ್ಕೊಂಡಿರ್ತಾನೆ, ಇವರಿಗೆ ಹಿರಿಯರೇ ಇಲ್ಲ ಅಂತ."

ಪಕ್ಕದಲ್ಲಿ ಟ್ಯಾಕ್ಸಿ ಓಡಿಸುವ ಬುರಾಲೆ ಇದ್ದ, ಸ್ವೀಡಿಷ್ ಚೆನ್ನಾಗಿ ಬಲ್ಲವನು. "ಅದೇರ್, ಇಲ್ಲಿ ಜನ ಹೆತ್ತ ಮಗಳ ಮನೆಗೂ ಫೋನ್ ಮಾಡದೆ ಹೋಗಲ್ಲ."

"ಅದಕ್ಕೇ ಇವರ ಮುದುಕರು ಒಬ್ಬೊಬ್ಬರೇ ಸಾಯೋದು. ದೀಕಾನ್ನ ಕೇಳು, ದಿನಾ ನೋಡ್ತಾಳೆ."

"ನಾನು ತಮಾಷೆಗೆ ಹೇಳ್ತಿಲ್ಲ. ಫೋನ್ ಮಾಡೋಣ, ಇಲ್ಲಾ ಕಾಗದ ಬರೆಯೋಣ."

"ಕಾಗದ ಬರೆದು ಕ್ಷಮೆ ಕೇಳೋಕೆ ಅದೇನು ಕರೆಂಟ್ ಬಿಲ್ಲೇನೋ? ನೀನು ನಿನ್ನ ಹೆಂಡತಿ ಹತ್ರ ಕಾಗದ ಬರೆದು ಕ್ಷಮೆ ಕೇಳ್ತೀಯಾ?"

"ಅವಳು ಓದಲ್ಲ, ಹರಿದು ಮುಖಕ್ಕೆ ಎಸೀತಾಳೆ," ಎಂದ ಬುರಾಲೆ. ಅಲ್ಲಿ ಕೂತಿದ್ದ ಹಿರಿಯರೆಲ್ಲ ನಕ್ಕರು. ಈದ್ ಆದ ಮೂರನೇ ದಿನ ಹೋಗುವುದೆಂದು ತೀರ್ಮಾನವಾಯಿತು. ಈದಿನ ದಿನಗಳಲ್ಲಿ ಕೇಳಿದ ಕ್ಷಮೆಗೆ ಇಲ್ಲವೆನ್ನುವವರು ಇರುವುದಿಲ್ಲ. ವಿಳಾಸವನ್ನು ಬುರಾಲೆ ಫೋನಿನಲ್ಲಿ ಒಂದು ನಿಮಿಷದಲ್ಲಿ ಹುಡುಕಿದ. ಈ ದೇಶದಲ್ಲಿ ಎಲ್ಲರ ವಿಳಾಸವೂ ಎಲ್ಲರಿಗೂ ಸಿಗುತ್ತದೆ.

ಗುಲೇದನಿಗೆ ಅವಳು ಹೇಳಲಿಲ್ಲ. ಬಿಳಿ ಅಂಗಿಯೊಂದನ್ನು ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿ, "ನಾಡಿದ್ದು ಸಂಜೆ ಎಲ್ಲೂ ಹೋಗ್ಬೇಡ, ಫೋನ್ ಮಾಡ್ತೀನಿ, ಇದನ್ನ ಹಾಕ್ಕೊಂಡು ಬಾ," ಎಂದಳಷ್ಟೆ. ಯಾರದೋ ನಿಶ್ಚಿತಾರ್ಥ ಇರಬೇಕೆಂದು ಅವನು ಅಂದುಕೊಂಡ. ಸಾಗಲ್‌ಗೆ ಮಾತ್ರ ಗೊತ್ತಾಯಿತು, ಹಿಟ್ಟು ನಾದುವಾಗ ಅವಳು ಪಕ್ಕದಲ್ಲೇ ಇದ್ದಳು.

"ಹೋಯೊ, ಅಷ್ಟು ಜನ ಹೋಗ್ಬಾರ್ದು."

"ಯಾಕೆ?"

"ಯಾಕೆ ಅಂದ್ರೆ... ಇಲ್ಲಿ ಹಾಗೆ ಮಾಡಲ್ಲ. ನಮ್ಮ ಟೀಚರ್ ಮನೆಗೆ ನಾವು ಐದು ಜನ ಹೂ ತಗೊಂಡು ಹೋಗಿದ್ವಲ್ಲ, ಅವರು ಬಾಗಿಲೇ ತೆಗೀಲಿಲ್ಲ. ಕಿಟಕಿ ಪರದೆ ಹಿಂದೆ ಇದ್ರು, ನಾನು ನೋಡ್ದೆ."

"ನಿಮ್ಮ ಟೀಚರ್‌ಗೆ ನೀವು ಏನೂ ನೋವು ಮಾಡಿರಲಿಲ್ಲ. ಇದು ಬೇರೆ. ಕ್ಷಮೆ ಕೇಳೋಕೆ ಬಂದವರನ್ನ ಯಾರೂ ಹೊರಗೆ ನಿಲ್ಲಿಸಲ್ಲ ಪುಟ್ಟಿ, ಯಾವ ದೇಶದಲ್ಲೂ."

ಸಾಗಲ್ ಮತ್ತೆ ಹಿಟ್ಟು ನಾದತೊಡಗಿದಳು.

ಯೋರಾನನ ಮನೆ ಆಲ್‌ಹಾಗದಿಂದ ಎಂಟು ನಿಲ್ದಾಣದ ದೂರದಲ್ಲಿ, ಒಂದೇ ಥರದ ಸಾಲುಮನೆಗಳ ನಡುವೆ ಇತ್ತು. ಮೂರು ಟ್ಯಾಕ್ಸಿಯಲ್ಲಿ ಹೋದರು. ಹತ್ತು ಗಂಡಸರು, ಹನ್ನೊಂದನೆಯವಳು ದೀಕಾ. ಗಂಡಸರೆಲ್ಲ ಈದಿನ ಉದ್ದನೆಯ ಕೋಟು, ಕಸೂತಿಯ ಟೋಪಿ ಹಾಕಿದ್ದರು. ದೀಕಾಳ ಕೈಯಲ್ಲಿ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ, ಅದರಲ್ಲಿ ಸಂಬೂಸ, ಏಲಕ್ಕಿ ಹಾಕಿದ ಹಲ್ವ. ವಾರ್ಸಮೆಯ ಜೇಬಿನಲ್ಲಿ ಎಲ್ಲರೂ ಸೇರಿ ಹಣ ಹಾಕಿದ ಲಕೋಟೆ. ಮಧ್ಯಾಹ್ನದ ನಾಲ್ಕು ಗಂಟೆ. ಎದುರುಮನೆಯಲ್ಲಿ ಹುಲ್ಲು ಕತ್ತರಿಸುತ್ತಿದ್ದವನು ಯಂತ್ರವನ್ನು ನಿಲ್ಲಿಸಿದ.

ಗಂಟೆ ಒತ್ತಿದರು. ಹೆಂಗಸೊಬ್ಬಳು ಬಾಗಿಲು ತೆರೆದಳು, ಯೋರಾನನ ಹೆಂಡತಿ ಬ್ರಿತ್. ಅವಳು ಒಬ್ಬೊಬ್ಬರನ್ನೇ ಅಲ್ಲ, ಎಲ್ಲರನ್ನೂ ಒಟ್ಟಿಗೆ ನೋಡಿದಳು. ಬಾಗಿಲು ಅರ್ಧ ಮುಚ್ಚಿತು. ಒಳಗೆ ಏನೋ ಮಾತು. ಆಮೇಲೆ ಯೋರಾನ್ ಬಂದ.

ಎಡಗಣ್ಣಿಗೆ ದಪ್ಪ ಪಟ್ಟಿ ಕಟ್ಟಿತ್ತು. ಕೆನ್ನೆ ಹಳದಿಯಾಗಿತ್ತು. ಬಸ್ಸಿನ ಸೀಟಿನಲ್ಲಿ ಅಷ್ಟು ದೊಡ್ಡದಾಗಿ ಕಾಣುತ್ತಿದ್ದವನು ಮನೆಯ ಚಪ್ಪಲಿಯಲ್ಲಿ ಕುಗ್ಗಿ ನಿಂತಿದ್ದ. 

ವಾರ್ಸಮೆ ಟೋಪಿ ತೆಗೆದು, ಎರಡು ಕೈಯನ್ನೂ ಎದೆಗೆ ಒತ್ತಿ ಬಾಗಿದ. ಹಿಂದಿನವರೆಲ್ಲ ಬಾಗಿದರು. ಅವನು ಹೇಳಿದ್ದನ್ನು ಬುರಾಲೆ ಸ್ವೀಡಿಷಿಗೆ ತಿರುಗಿಸಿದ. "ನಮ್ಮ ಹುಡುಗರ ಕೈಯಿಂದ ನಿಮಗೆ ನೋವಾಗಿದೆ. ನಾವೆಲ್ಲ ನಿಮ್ಮ ಮನೆ ಬಾಗಿಲಿಗೆ ಬಂದಿದ್ದೀವಿ. ಪೊಲೀಸು, ಕೋರ್ಟು ಬೇಡ. ಇದು ನಿಮ್ಮ ನಮ್ಮ ನಡುವೆ ಮುಗೀಲಿ. ನೀವು ಏನು ಕೇಳಿದ್ರೂ ಕೊಡ್ತೀವಿ." ವಾರ್ಸಮೆ ಲಕೋಟೆಯನ್ನು ಹೊರಗೆ ತೆಗೆದು ಎರಡೂ ಕೈಯಲ್ಲಿ ಹಿಡಿದು ನೀಡಿದ.

ಯೋರಾನ್ ಲಕೋಟೆಯನ್ನು ನೋಡಿದ. "ದಯವಿಟ್ಟು ಹೋಗಿ," ಎಂದ.

ವಾರ್ಸಮೆಯ ಮುಖ ಅರಳಿತು. ಹಿಂದೆ ತಿರುಗಿ ತಮ್ಮ ಭಾಷೆಯಲ್ಲಿ ಹೇಳಿದ, "ನೋಡಿದ್ರಾ, ಮರ್ಯಾದಸ್ಥ. ಒಂದೇ ಮಾತಿಗೆ ಕೈಚಾಚಲಿಲ್ಲ. ಕೂತ್ಕೊಳ್ಳಿ."

ಹತ್ತು ಜನ ಯೋರಾನನ ಮನೆಯ ಮುಂದಿನ ಚಿಕ್ಕ ಹುಲ್ಲಿನ ಮೇಲೆ, ಬಾಗಿಲಿಗೆ ಮುಖ ಮಾಡಿ, ಕಾಲು ಮಡಚಿ ಕುಳಿತರು. ಬುರಾಲೆ ಕೊನೆಗೆ ಕುಳಿತ. "ಅದೇರ್, ಇವನು ನಿಜವಾಗ್ಲೂ ಹೋಗಿ ಅಂತಿದ್ದಾನೆ ಅನ್ಸುತ್ತೆ."

"ಎಲ್ರೂ ನಿಜವಾಗ್ಲೂ ಅಂತಾನೇ ಹೇಳೋದು. ಕೂತ್ಕೋ."

ದೀಕಾ ತಟ್ಟೆ ಹಿಡಿದು ಮುಂದೆ ಬಂದಳು. "ಯೋರಾನ್," ಎಂದಳು ತನ್ನ ಮುರುಕು ಸ್ವೀಡಿಷಿನಲ್ಲಿ. "ನಾನು. ಮೊದಲ ಬಸ್ಸು. ಕಣ್ಣು ಹೇಗಿದೆ?"

ಅವನು ಒಂದೇ ಕಣ್ಣಿನಲ್ಲಿ ಅವಳನ್ನು ಹುಡುಕಿ ಗುರುತು ಹಿಡಿದ. ಅವನ ಮುಖದಲ್ಲಿ ಏನೋ ಸಡಿಲವಾಯಿತು, ಮತ್ತೆ ಬಿಗಿಯಾಯಿತು. "ನೀನಾ? ನೀನ್ಯಾಕೆ ಬಂದೆ? ನಿನಗೂ ಮಗ ಇದ್ದಾನಾ? ಅವನೂ ಇದ್ನಾ ಅಲ್ಲಿ?"

ಬುರಾಲೆ ಹುಲ್ಲಿನಿಂದಲೇ, "ದೀಕಾ, ನಮ್ಮ ಹುಡುಗರು ಅನ್ನು, ಅಷ್ಟು ಸಾಕು," ಎಂದು ಸೊಮಾಲಿಯಲ್ಲಿ ಕೂಗಿದ. ಅವಳಿಗೆ ಕೇಳಿಸಿತು. ಆದರೆ ಸುಳ್ಳು ಬೆರೆಸಿ ಕೇಳಿದ ಕ್ಷಮೆ ಕ್ಷಮೆಯಲ್ಲ. ಆ ಒಂದು ಕಣ್ಣು ತನ್ನನ್ನೇ ನೋಡುತ್ತಿರುವಾಗ ಅವಳಿಗೆ ಬೇರೆ ಏನನ್ನೂ ಹೇಳಲು ಆಗಲಿಲ್ಲ.

"ಇದ್ದ," ಎಂದಳು. "ಕರೀತೀನಿ. ಅವನು ಬಂದು ನಿಮ್ಮ ಕೈ ಹಿಡೀತಾನೆ."

"ಬೇಡ!" ಎಂದು ಒಳಗಿನಿಂದ ಬ್ರಿತ್ ಕಿರುಚಿದಳು. ಬಾಗಿಲು ಮುಚ್ಚಿತು. ಬೀಗ ತಿರುಗಿದ ಸದ್ದು ಎರಡು ಸಲ ಕೇಳಿತು. ದೀಕಾ ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟು, ಗಂಡಸರ ಹಿಂದೆ ಹೋಗಿ ಕುಳಿತಳು. ಹಾಲು ಬರಲು ಹೊತ್ತಾಗುತ್ತದೆ ಎಂದುಕೊಂಡಳು.

ಬಂದದ್ದು ಪೊಲೀಸರು, ನಾಲ್ಕು ಕಾರುಗಳಲ್ಲಿ. ವಾರ್ಸಮೆ ಎದ್ದು ಅವರಿಗೂ ಬಾಗಿ ವಂದಿಸಿದ. ಹುಲ್ಲು ಕತ್ತರಿಸುತ್ತಿದ್ದವನು ಫೋನ್ ಎತ್ತಿ ಹಿಡಿದು ಎಲ್ಲವನ್ನೂ ಚಿತ್ರ ತೆಗೆಯುತ್ತಿದ್ದ. ಬಾಗಿಲ ಗಂಟೆಯಲ್ಲೂ ಒಂದು ಕ್ಯಾಮೆರಾ ಇತ್ತೆಂದು ಅವರಿಗೆ ಆಮೇಲೆ ಗೊತ್ತಾಯಿತು.

ಗುಲೇದನನ್ನು ಮರುದಿನ ಬೆಳಿಗ್ಗೆ ಮನೆಗೇ ಬಂದು ಕರೆದೊಯ್ದರು. ಜಾಕೆಟ್ಟು, ಶೂ, ಫೋನ್ ಎಲ್ಲವನ್ನೂ ಕಾಗದದ ಚೀಲಗಳಲ್ಲಿ ತುಂಬಿಕೊಂಡರು. ಅವನಿಗೆ ಮೊದಲು ಏನೂ ತಿಳಿಯಲಿಲ್ಲ. "ನಿಮ್ಮ ತಾಯೇ ಹೇಳಿದಾರೆ," ಎಂದು ಪೊಲೀಸಿನವಳು ಹೇಳಿದಾಗ ತಿಳಿಯಿತು. ಅವನು ಬಾಗಿಲ ಹತ್ತಿರ ನಿಂತು, ಹ್ಯಾಂಗರಿನಲ್ಲಿದ್ದ ಬಿಳಿ ಅಂಗಿಯನ್ನು ನೋಡಿ, ತಾಯಿಯನ್ನು ನೋಡಿದ.

"ಕೊಟ್ಟುಬಿಟ್ಯಾ ನನ್ನ?"

"ಇಲ್ಲ ಹೋಯೊ, ನಾವು ಕ್ಷಮೆ ಕೇಳೋಕೆ..."

"ಯಾರು ಹೇಳಿದ್ರು ನಿಂಗೆ ಕೇಳು ಅಂತ? ಯಾರಿಗೂ ಗೊತ್ತಿರಲಿಲ್ಲ. ಯಾರಿಗೂ!"

ಫೋನಿನಿಂದ ಇನ್ನೂ ಮೂರು ಹುಡುಗರು ಸಿಕ್ಕಿಬಿದ್ದರು. ಅವರ ತಾಯಂದಿರು ದೀಕಾಳ ಜೊತೆ ಒಂದೇ ಮೆಟ್ಟಿಲು ಹತ್ತಿ ಇಳಿಯುವವರು. ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಿತ್ತು. ಅಲ್ಲಿ ದೀಕಾಳ ಪಾಳಿಯ ಹೊತ್ತಿಗೆ ಹಿಂದಿನವಳ ಬಟ್ಟೆ ಯಂತ್ರದಲ್ಲೇ ಉಳಿದಿದ್ದರೆ ಮೊದಲೆಲ್ಲ ಇಬ್ಬರೂ ಸೇರಿ ತೆಗೆದು, ಮಡಚುತ್ತ ಹರಟುತ್ತಿದ್ದರು. ಈಗ ಒಬ್ಬಳು ಒದ್ದೆ ಬಟ್ಟೆಯನ್ನು ಹಾಗೇ ಬಾಚಿಕೊಂಡು ಹೊರಡುತ್ತ, ಇನ್ನೊಬ್ಬಳಿಗೆ ಹೇಳುವಂತೆ ಗಟ್ಟಿಯಾಗಿ ಹೇಳಿದಳು, "ಕೆಲವರಿಗೆ ಬೆಳ್ಳಗಿನವರ ಹತ್ರ ಒಳ್ಳೆಯವರು ಅನ್ನಿಸ್ಕೊಳ್ಳೋ ಚಟ. ಅದಕ್ಕೆ ಊರ ಮಕ್ಕಳೆಲ್ಲ ಬಲಿ." ದೀಕಾ ಖಾಲಿಯಾದ ಯಂತ್ರಕ್ಕೆ ತನ್ನ ಬಟ್ಟೆ ತುಂಬಿದಳು.  ಆ ಹೆಂಗಸಿನ ಮಗನಿಗೆ ಹದಿನೈದು ವರ್ಷ, ಅವನು ಮಗುವಾಗಿದ್ದಾಗ ದೀಕಾ ಎಷ್ಟೋ ಸಲ ಎತ್ತಿ ಆಡಿಸಿದ್ದಳು.

ಆಗಸ್ಟಿನಲ್ಲಿ ಗುಲೇದನ ವಿಚಾರಣೆ ಮುಗಿಯಿತು. ಕಲ್ಲು ಯಾರದೆಂದು ಕೊನೆಗೂ ಗೊತ್ತಾಗಲಿಲ್ಲ, ಎಸೆದದ್ದಂತೂ ಸಾಬೀತಾಯಿತು. ಹದಿನಾಲ್ಕು ತಿಂಗಳು, ಬೀಗ ಹಾಕಿದ ಸುಧಾರಣಾಲಯದಲ್ಲಿ. ಅದು ಉತ್ತರದ ಕಾಡುಗಳ ನಡುವೆ, ರೈಲಿನಲ್ಲಿ ಆರು ಗಂಟೆ ದೂರ. ಅವನು ತಾಯಿಯನ್ನು ನೋಡಲು ಒಪ್ಪಲಿಲ್ಲ. ಅದು ಅವನ ಹಕ್ಕು ಎಂದು ಅಲ್ಲಿನವರು ಫೋನಿನಲ್ಲಿ ಮೃದುವಾಗಿ ತಿಳಿಸಿದರು.

ಸೆಪ್ಟೆಂಬರಿನಲ್ಲಿ ವಾರ್ಸಮೆ ಮತ್ತು ಬುರಾಲೆಯ ಮೇಲಿನ ಮೊಕದ್ದಮೆ ಬಂತು. ಸಾಕ್ಷಿಯನ್ನು ಬೆದರಿಸಿದ್ದು, ಹಣ ಕೊಟ್ಟು ಬಾಯಿ ಮುಚ್ಚಿಸಲು ನೋಡಿದ್ದು. ದೀಕಾ ಸಾಕ್ಷಿಯಾಗಿ ಕರೆ ಬಂದು ಹೋದಳು. ದುಭಾಷಿ ಅವಳ ಕಿವಿಯ ಪಕ್ಕ ಕುಳಿತು ಪಿಸುಗುಟ್ಟುತ್ತಿದ್ದ. ವಾರ್ಸಮೆ ಈದಿನ ದಿನ ಹಾಕಿದ್ದ ಅದೇ ಕೋಟಿನಲ್ಲಿ ಬಂದಿದ್ದ. ನ್ಯಾಯಾಧೀಶರು ಕೇಳಿದ ಪ್ರತಿ ಪ್ರಶ್ನೆಗೂ ಎದ್ದು ನಿಂತು ಉತ್ತರಿಸಲು ಹೋಗುತ್ತಿದ್ದ, ವಕೀಲ ಪ್ರತಿ ಸಲ ತೋಳು ಹಿಡಿದು ಕೂರಿಸುತ್ತಿದ್ದ.

"ಹೋಗಿ ಅಂತ ಹೇಳಿದ ಮೇಲೂ ನೀವು ಹೋಗಲಿಲ್ಲ ಯಾಕೆ?" ಎಂದು ಸರ್ಕಾರಿ ವಕೀಲೆ ಕೇಳಿದಳು. ಅವಳದು ಸಣ್ಣ ವಯಸ್ಸು, ಕಠಿಣ ದನಿಯೇನಲ್ಲ.

"ಒಂದೇ ಸಲ ಹೇಳಿದ್ದಕ್ಕೆ ಎದ್ದು ಹೋದ್ರೆ ಅವರನ್ನ ಅವಮಾನ ಮಾಡಿದ ಹಾಗೆ ತಾಯಿ," ಎಂದ ವಾರ್ಸಮೆ. "ನಿಮ್ಮ ನೋವು ನಮಗೆ ಅಷ್ಟೇ ಅಂತ ಹೇಳಿದ ಹಾಗೆ."

ವಕೀಲೆ ಏನನ್ನೋ ಬರೆದುಕೊಂಡಳು. ಆಮೇಲೆ ಯೋರಾನನನ್ನು ಕರೆದರು. ಪಟ್ಟಿ ಇರಲಿಲ್ಲ, ಎಡಗಣ್ಣಿನ ಜಾಗದಲ್ಲಿ ಗಾಜಿನ ಕಣ್ಣು. ಅವನು ದೀಕಾಳ ಕಡೆ ನೋಡಲಿಲ್ಲ.

"ಆ ಹನ್ನೊಂದು ಜನ ಮನೆ ಮುಂದೆ ಕೂತಾಗ ನಿಮಗೆ ಹೆದರಿಕೆ ಆಯ್ತಾ?"

ಯೋರಾನ್ ಮುಂದಿದ್ದ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದ.  ಈ ಮನುಷ್ಯ ಸುಳ್ಳು ಹೇಳುವವನಲ್ಲ, ಅದು ಅವಳಿಗೆ ಗೊತ್ತು. ಅವರು ತಟ್ಟೆ ತುಂಬ ತಿಂಡಿ ತಂದಿದ್ದರು ಎನ್ನುತ್ತಾನೆ. ಆ ಮುದುಕ ಟೋಪಿ ತೆಗೆದ ಎನ್ನುತ್ತಾನೆ. ಆ ಹೆಂಗಸು ಕಣ್ಣು ಹೇಗಿದೆ ಎಂದು ಕೇಳಿದಳು ಎನ್ನುತ್ತಾನೆ.

"ಆಯ್ತು," ಎಂದ ಯೋರಾನ್. "ನಾನು ಅಷ್ಟು ಹೆದರಿದ್ದು ಕಲ್ಲು ಬಿದ್ದಾಗಲೂ ಇಲ್ಲ. ಕಲ್ಲು ಬಿದ್ದದ್ದು ಗೊತ್ತೇ ಆಗ್ಲಿಲ್ಲ. ಇವರು ಮನೆ ಎಲ್ಲಿದೆ ಅಂತ ತಿಳ್ಕೊಂಡು ಬಂದಿದ್ರು. ಹೋಗಿ ಅಂದ್ರೆ ಕೂತ್ರು. ನಾವು ಒಂದು ತಿಂಗಳು ಮಗಳ ಮನೇಲಿದ್ವಿ. ಬ್ರಿತ್ ಈಗಲೂ ಗಂಟೆ ಬಾರಿಸಿದ್ರೆ ಬಾಗಿಲು ತೆಗೆಯಲ್ಲ. ಮನೆ ಮಾರಾಟಕ್ಕೆ ಇಟ್ಟಿದ್ದೀವಿ."

ದುಭಾಷಿ ಅದನ್ನೆಲ್ಲ ಒಂದೊಂದೇ ಮಾತಾಗಿ ಅವಳ ಕಿವಿಗೆ ಹಾಕಿದ. ದೀಕಾ ಯೋರಾನನ ಮುಖವನ್ನೇ ನೋಡುತ್ತಿದ್ದಳು. ಅವನು ಹೇಳಿದ್ದು ನಿಜ.  ಮಗ ಒಂದು ಕಣ್ಣು ತೆಗೆದಿದ್ದ, ತಾಯಿ ಮನೆಯನ್ನೇ ತೆಗೆದಿದ್ದಳು. ಅದಕ್ಕಾಗಿ ಮತ್ತೆ ಕ್ಷಮೆ ಕೇಳಬೇಕೆಂದರೆ ಇನ್ನು ದಾರಿಯಿಲ್ಲ. ಅವನ ಹತ್ತಿರ ಸುಳಿಯಬಾರದೆಂದು ಅವಳಿಗೂ ಹಿರಿಯರಿಗೂ ಮೊದಲೇ ಆಜ್ಞೆಯ ಕಾಗದ ಬಂದಿತ್ತು. ಹೊರಗಿನ ಓಣಿಯಲ್ಲಿ ಯೋರಾನ್ ಎದುರಿಗೆ ಬಂದಾಗ ಕಾವಲಿನವನು ಮಧ್ಯೆ ನಿಂತ. ದೀಕಾ ಗೋಡೆಯ ಕಡೆ ಮುಖ ಮಾಡಿದಳು, ತನ್ನನ್ನು ನೋಡಿ ಅವನು ಮತ್ತೆ ಹೆದರದಿರಲಿ ಎಂದು.

ವಾರ್ಸಮೆಗೂ ಬುರಾಲೆಗೂ ಎಂಟೆಂಟು ತಿಂಗಳ ಜೈಲಾಯಿತು. ಬುರಾಲೆಯ ಟ್ಯಾಕ್ಸಿ ಪರವಾನಗಿ ಹೋಯಿತು. ಜೈಲಿಗೆ ಹೋಗುವ ಹಿಂದಿನ ದಿನ ದೀಕಾ ವಾರ್ಸಮೆಯನ್ನು ನೋಡಲು ಹೋದಾಗ ಅವನು ಔಷಧಿಯ ಡಬ್ಬಿಗಳನ್ನು ಒಂದು ಚೀಲಕ್ಕೆ ತುಂಬುತ್ತಿದ್ದ. ಅವಳು ನೆಲಕ್ಕೆ ಬಿದ್ದಿದ್ದ ಒಂದನ್ನು ಎತ್ತಿಕೊಟ್ಟಳು.

"ನಿನ್ನ ತಪ್ಪಲ್ಲ ಮಗಳೇ," ಎಂದ. "ಬುರಾಲೆ ಫೋನ್ ಮಾಡೋಣ ಅಂದ. ನಾನು ನಕ್ಕೆ." ಆಮೇಲೆ ತಡೆದು, "ಇಪ್ಪತ್ತೆಂಟು ವರ್ಷ ಇದ್ದೀನಿ ಇಲ್ಲಿ. ಇವರಿಗೆ ನಮ್ಮನ್ನ ಕಂಡ್ರೆ ಇಷ್ಟ ಇಲ್ಲ ಅಂತ ಗೊತ್ತಿತ್ತು. ನಮ್ಮನ್ನ ಕಂಡ್ರೆ ಹೆದರ್ತಾರೆ ಅಂತ ಗೊತ್ತಿರಲಿಲ್ಲ," ಎಂದ. ಅದನ್ನು ಹೇಳುವಾಗ ಅವನ ದನಿ ಎಷ್ಟು ಸಣ್ಣದಾಗಿತ್ತೆಂದರೆ, ದೀಕಾ ಚೀಲದ ದಾರ ಕಟ್ಟಿಕೊಡುವ ನೆಪದಲ್ಲಿ ತಲೆ ಬಗ್ಗಿಸಿದಳು.

ಗುಲೇದ್ ಮೊದಲ ಸಲ ತಾಯಿಗೆಂದು ಫೋನ್ ಮಾಡಿದ್ದು ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ. ಸಾಗಲ್ ಆಗಾಗ ಮಾತಾಡುತ್ತಿದ್ದಳು, ತಾಯಿಯನ್ನು ಕೊಡಲೇ ಎಂದರೆ ಅವನು ಬೇಡ ಎನ್ನುತ್ತಿದ್ದ. ಅವತ್ತು ಅವನೇ ಕೇಳಿದನಂತೆ. ದೀಕಾ ಒದ್ದೆ ಕೈಯನ್ನು ಉಡುಪಿಗೆ ಒರೆಸಿಕೊಳ್ಳುತ್ತ ಬಂದು ಫೋನ್ ತೆಗೆದುಕೊಂಡಳು. 

"ಹೋಯೊ? ಹೇಗಿದ್ದೀಯ? ಅಲ್ಲಿ ಚಳಿಯಾ?"

"ಚಳಿ ಇದೆ." ಅವನ ದನಿ ಒಡೆದು ದಪ್ಪವಾಗಿತ್ತು. "ಕೇಳು, ಹತ್ತು ನಿಮಿಷ ಅಷ್ಟೇ ಕೊಡೋದು. ಒಂದು ವಿಷಯ ಆಗಿದೆ. ಒಬ್ಬನಿಗೆ ಕುರ್ಚಿ ಬೀಸಿ ಹೊಡ್ದೆ. ಕಿವಿ ಹರೀತು. ಆಸ್ಪತ್ರೆಗೆ ಹಾಕಿದಾರೆ."

ದೀಕಾ ಗೋಡೆಗೆ ಒರಗಿದಳು. "ಯಾಕೋ?"

"ಬೈದ. ಬಿಡು. ಅವನು ಇನ್ನೂ ಯಾರ ಹೆಸರನ್ನೂ ಹೇಳಿಲ್ಲ, ಹೆದರಿದ್ದಾನೆ. ಕ್ಯಾಮೆರಾ ಇಲ್ಲದ ಕಡೆ ಆಗಿದ್ದು. ನಾಳೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನೇ ಕರೆದು ಕೇಳ್ತಾರಂತೆ. ನಿನಗೆ ಯಾಕೆ ಫೋನ್ ಮಾಡ್ದೆ ಅಂತ ನಂಗೇ ಗೊತ್ತಿಲ್ಲ." ಆದರೆ ಅವನು ಫೋನ್ ಇಡಲಿಲ್ಲ. 

ಅವಳಿಗೆ ಗೊತ್ತಾಯಿತು. ಬೈಯಲಿ ಎಂದೋ, ಹೋಗಿ ಅವನ ಕೈ ಹಿಡಿ ಎಂದು ತಾಯಿ ಹೇಳಲಿ ಎಂದೋ, ಅವನೊಳಗೆ ಇನ್ನೂ ಉಳಿದಿದ್ದ ಒಂದು ಚೂರು ಕಾಯುತ್ತಿತ್ತು. ಆ ಮಾತು ಅವಳ ನಾಲಿಗೆಯ ಮೇಲೇ ಇತ್ತು. ಅವಳು ಹೆತ್ತಾಗಿನಿಂದ ಅವನಿಗೆ ಹೇಳಿಕೊಂಡು ಬಂದ ಮಾತು. ಎಲ್ಲಿ ಹೋಗಿ ಹೇಳುವುದು, ಯಾರ ಬಾಗಿಲಲ್ಲಿ? ಹೇಳಿದರೆ ಹದಿನಾಲ್ಕು ತಿಂಗಳು ಇನ್ನೆಷ್ಟಾಗುತ್ತದೆ? ಫೋನ್ ಇಟ್ಟುಬಿಟ್ಟರೆ ಇನ್ನು ಯಾವ ಭಾನುವಾರ ಮಾಡುತ್ತಾನೆ?

"ಏನೂ ಹೇಳ್ಬೇಡ," ಎಂದಳು.

"ಏನು?"

"ಕೇಳಿದ್ರೆ ಗೊತ್ತಿಲ್ಲ ಅನ್ನು. ವಕೀಲರು ಬರೋ ತನಕ ಬಾಯಿ ಬಿಡ್ಬೇಡ. ಆ ಹುಡುಗ ವಾಪಸ್ ಬಂದ್ರೆ ಅವನ ಹತ್ರ ಹೋಗ್ಬೇಡ, ಅವನ ಕಡೆ ನೋಡ್ಲೂಬೇಡ. ಕೇಳಿಸ್ತಾ?"

 ಅವನು ನಕ್ಕ. ಏಪ್ರಿಲ್‌ನಿಂದ ಅವಳು ಕೇಳಿರದ ಸಲಿಗೆ ಆ ನಗುವಿನಲ್ಲಿತ್ತು.

"ಈಗ ಸರಿಯಾಗಿ ಮಾತಾಡ್ದೆ ನೋಡು. ಎ‌ಷ್ಟು ತಡವಾಗಿ ಕಲಿತೆ ಹೋಯೊ!" ಆಮೇಲೆ, ಮನೆಯಲ್ಲೇ ಇದ್ದವನ ಹಾಗೆ ಕೇಳಿದ, "ಏನು ಅಡುಗೆ ಇವತ್ತು?"

ಅವಳು ಹೇಳಿದಳು. ಅನ್ನ ಮಾಡಿದ್ದೇನೆ, ಕುರಿಮಾಂಸ ಬೇಯುತ್ತಿದೆ, ಈರುಳ್ಳಿಯನ್ನು ನಿನಗೆ ಇಷ್ಟವಾಗುವಷ್ಟು ಕೆಂಪಗೆ ಹುರಿದಿದ್ದೇನೆ, ದ್ರಾಕ್ಷಿ ಹಾಕಿದರೆ ಸಾಗಲ್ ಆರಿಸಿ ಬದಿಗಿಡುತ್ತಾಳೆ, ಆದರೂ ಹಾಕಿದ್ದೇನೆ. ಅವನು ಹೂಂ ಹೂಂ ಎನ್ನುತ್ತಿದ್ದ. ಅನ್ನದ ಜೊತೆಗೆ ಬಾಳೆಹಣ್ಣು ಇದೆಯಾ ಎಂದು ಕೇಳಿದ. ಇದೆ ಎಂದಳು. ಹಣ್ಣಾಗಿದೆಯಾ ಎಂದ. ಹಣ್ಣಾಗಿದೆ ಎಂದಳು. ಹೀಗೆ ಉಳಿದ ನಿಮಿಷಗಳೆಲ್ಲ ಕಳೆದು, ಸಮಯ ಮುಗಿಯಿತೆಂದು ಯಾರೋ ಹಿಂದಿನಿಂದ ಹೇಳಿದರು. ಮುಂದಿನ ಭಾನುವಾರ ಮಾಡುತ್ತೇನೆ ಎಂದು ಅವನು ಫೋನ್ ಇಟ್ಟ.

ದೀಕಾ ಅಡುಗೆಮನೆಗೆ ಹೋಗಿ ಮಾಂಸ ಬೆಂದಿದೆಯೇ ಎಂದು ನೋಡಿ, ಉರಿ ಸಣ್ಣದು ಮಾಡಿದಳು. ಕಿವಿ ಹರಿದ ಹುಡುಗನ ಹೆಸರೇನೆಂದು ಅವಳು ಕೇಳಿರಲಿಲ್ಲ.